ಐವಿ ಲೀಗ್ ಅರ್ಜಿ: ಅಪ್ಪ ಅಮ್ಮನ ಕೆಲಸ ಎಲ್ಲಿಯವರೆಗೆ?

ಐವಿ ಲೀಗ್ ಅಂದರೆ ಹಾರ್ವರ್ಡ್, ಯೇಲ್ ಮೊದಲಾದ ಅಮೆರಿಕದ ಎಂಟು ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಗುಂಪು. 2024ರಲ್ಲಿ ಸೇರುವ ಬ್ಯಾಚ್‌ಗೆ ಹಾರ್ವರ್ಡ್‌ಗೆ ಬಂದ ಅರ್ಜಿಗಳು 54,008. ಸೀಟು ಸಿಕ್ಕಿದ್ದು 1,937 ಮಕ್ಕಳಿಗೆ. ಅಂದರೆ ನೂರರಲ್ಲಿ ನಾಲ್ವರಿಗೂ ಇಲ್ಲ. ಯೇಲ್, ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಎಂಐಟಿ ಎಲ್ಲ ಕಡೆಯೂ ಈಗ ನೂರಕ್ಕೆ ಐದರೊಳಗಿನ ಲೆಕ್ಕವೇ. ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿ ತಮ್ಮ ತಮ್ಮ ಶಾಲೆಯಲ್ಲಿ ಮುಂದಿದ್ದವರು.

ಈ ಲೆಕ್ಕ ಗೊತ್ತಿಲ್ಲದ ಅಪ್ಪ ಅಮ್ಮ ಕಡಿಮೆ. ಗೊತ್ತಿದ್ದರೂ ನಮ್ಮ ಮಗಳು ಆ ನಾಲ್ವರಲ್ಲಿ ಇರುತ್ತಾಳೆ ಅಂತಲೇ ಮನಸ್ಸು ಹೇಳುತ್ತದೆ. ಹೆತ್ತವರ ಮನಸ್ಸು ಇರುವುದೇ ಹಾಗೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಒಂದು ಆಸೆಯ ಸುತ್ತ ಇಡೀ ಮನೆಯ ಎರಡು ವರ್ಷ ತಿರುಗತೊಡಗಿದರೆ ಮಗುವಿನ ಉಸಿರು ಕಟ್ಟುತ್ತದೆ. ಊಟಕ್ಕೆ ಕೂತರೂ ಎಸ್ಸೇ (ಅರ್ಜಿಯ ಜೊತೆ ಮಗು ಬರೆಯುವ ಪ್ರಬಂಧ) ಮಾತು, ಕಾರಿನಲ್ಲಿ ಕೂತರೂ ಸ್ಕೋರ್ ಮಾತು.

ನನ್ನ ಅಭಿಪ್ರಾಯ ಇಷ್ಟು. ಈ ಅರ್ಜಿಯ ಕಾಲದಲ್ಲಿ ದೊಡ್ಡವರು ಮಾತ್ರ ಮಾಡಬಹುದಾದ ಎರಡು ಮೂರು ಕೆಲಸಗಳಿವೆ. ದುಡ್ಡಿನ ಲೆಕ್ಕ ಮಗುವಿನ ಮುಂದೆ ಬಿಚ್ಚಿಡುವುದು ಒಂದು, ಕಾಲೇಜುಗಳ ಪಟ್ಟಿಗೆ ಗಟ್ಟಿಯಾದ ಬುಡ ಹಾಕುವುದು ಇನ್ನೊಂದು. ಮಿಕ್ಕಿದ್ದು ಮಗುವಿನ ಕೆಲಸ. ಈಗ ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗಿದೆ. ಎಸ್ಸೇಯನ್ನು ಅಪ್ಪ ತಿದ್ದುತ್ತಾರೆ, ಶಾಲೆಯ ಕೌನ್ಸೆಲರ್‌ಗೆ ಅಮ್ಮ ಇಮೇಲ್ ಬರೆಯುತ್ತಾರೆ. ಆದರೆ ದುಡ್ಡು ಎಷ್ಟಿದೆ ಅನ್ನುವುದು ಮಾತ್ರ ಏಪ್ರಿಲ್ ತನಕ ಗುಟ್ಟಾಗಿಯೇ ಉಳಿಯುತ್ತದೆ.

ಒಳಗೆ ನಡೆಯುವುದು ಏನು

ಪ್ರವೇಶ ಪರೀಕ್ಷೆಯ ರ‍್ಯಾಂಕ್ ನೋಡಿ ಸೀಟು ಹಂಚುವ ಪದ್ಧತಿಗೆ ಒಗ್ಗಿಕೊಂಡವರಿಗೆ ಅಮೆರಿಕದ ಈ ವ್ಯವಸ್ಥೆ ಬೇಗ ಅರ್ಥವಾಗುವುದಿಲ್ಲ. ಇಲ್ಲಿ ಕಟ್‌ಆಫ್ ಅನ್ನುವುದೇ ಇಲ್ಲ. ಪ್ರವೇಶದಲ್ಲಿ ಜನಾಂಗ ನೋಡುತ್ತದೆ ಅಂತ ಹಾರ್ವರ್ಡ್ ವಿರುದ್ಧ ನಡೆದ ಕೇಸಿನಲ್ಲಿ ಒಂದು ಲೆಕ್ಕ ಹೊರಬಂತು. 2015ರಲ್ಲಿ ಸೇರಿದ ಬ್ಯಾಚ್‌ಗೆ ಅಮೆರಿಕದೊಳಗಿಂದಲೇ ಸುಮಾರು 26,000 ಅರ್ಜಿ ಬಂದಿದ್ದವು. ಅವರಲ್ಲಿ ಸುಮಾರು 3,500 ಮಕ್ಕಳಿಗೆ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಗಣಿತದಲ್ಲಿ ಪೂರ್ತಿ ಅಂಕ. ಶಾಲೆಯ ಗ್ರೇಡ್‌ನಲ್ಲಿ ಒಂದಿಷ್ಟೂ ಕಡಿಮೆಯಾಗದವರು 8,000ಕ್ಕೂ ಜಾಸ್ತಿ. ಇದ್ದ ಸೀಟು 2,000ಕ್ಕೂ ಕಡಿಮೆ. ಬರೀ ಅಂಕ ನೋಡಿ ಸೀಟು ಕೊಡೋಣ ಅಂದರೂ ಆಗದ ಮಾತು.

ಹಾಗಾಗಿ ಪ್ರವೇಶ ಕಮಿಟಿಯವರು ಒಂದು ಬ್ಯಾಚ್ ಕಟ್ಟುತ್ತಾರೆ. ಆ ವರ್ಷ ಅವರಿಗೆ ಯಾರು ಬೇಕು ಅನ್ನುವುದು ಅದರಲ್ಲಿ ದೊಡ್ಡ ಮಾತು. ರೋಯಿಂಗ್ ಕೋಚ್‌ಗೆ ಇಷ್ಟು ಜನ, ಆರ್ಕೆಸ್ಟ್ರಾಕ್ಕೆ ಒಬ್ಬ, ಯಾವ ರಾಜ್ಯದಿಂದ ಎಷ್ಟು, ಗಣಿತಕ್ಕೆ ಎಷ್ಟು, ಇತಿಹಾಸಕ್ಕೆ ಎಷ್ಟು, ಹೀಗೆ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಲೆಗಸಿ ಆದ್ಯತೆ ಇದರ ಜೊತೆಗಿದೆ. ಆಪರ್ಚುನಿಟಿ ಇನ್‌ಸೈಟ್ಸ್ ಸಂಸ್ಥೆಯ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಎಸ್‌ಎಟಿ ಅಂಕ ಒಂದೇ ಇದ್ದರೂ, ಆದಾಯದಲ್ಲಿ ಮೇಲಿನ 1 ಪ್ರತಿಶತ ಮನೆಗಳ ಮಕ್ಕಳು ಐವಿ ಮಟ್ಟದ ಕಾಲೇಜು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಲೆಗಸಿ, ಕ್ರೀಡಾಪಟುಗಳ ಆಯ್ಕೆ, ಓದಿನ ಹೊರಗಿನ ಸಾಧನೆಗಳಿಗೆ ಕೊಡುವ ಅಂಕ, ಈ ಮೂರು ಕಾರಣಗಳನ್ನು ಅವರು ಹೆಸರಿಸಿದರು. ಎಂಐಟಿ ಲೆಗಸಿ ನೋಡುವುದಿಲ್ಲ. ಜಾನ್ಸ್ ಹಾಪ್ಕಿನ್ಸ್, ಆಮ್ಹರ್ಸ್ಟ್ ಕೈಬಿಟ್ಟಿವೆ. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಉಳಿದ ಹಲವು ಕಡೆ ಅದು ಇನ್ನೂ ಇದೆ.

ನಿಯಮಗಳೂ ಬದಲಾಗುತ್ತಲೇ ಇವೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಎಸ್ಸೇಯಲ್ಲಿ ಬರೆಯುವುದಕ್ಕೆ ತಡೆಯಿಲ್ಲ ಅಂತಲೂ ಹೇಳಿತು. ಕೋವಿಡ್ ಸಮಯದಲ್ಲಿ ಎಸ್‌ಎಟಿ ಕಡ್ಡಾಯವಲ್ಲ ಅಂದಿದ್ದ ಕಾಲೇಜುಗಳು ಮತ್ತೆ ಅಂಕ ಕೇಳುತ್ತಿವೆ. ಎಂಐಟಿ 2022ರಲ್ಲಿ ಶುರು ಮಾಡಿತು. ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಹಿಂದೆಯೇ ಬಂದವು. ಯೇಲ್‌ಗೆ ಹೈಸ್ಕೂಲಿನ ಉನ್ನತ ಮಟ್ಟದ ಎಪಿ ಅಥವಾ ಐಬಿ ಪರೀಕ್ಷೆಯ ಅಂಕ ಕೊಟ್ಟರೂ ನಡೆಯುತ್ತದೆ. ಬರ್ಕ್ಲಿ, ಲಾಸ್ ಏಂಜಲೀಸ್ ಮೊದಲಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು ಮಾತ್ರ ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ಮೂರು ವರ್ಷದ ಹಿಂದೆ ಅಣ್ಣನ ಅರ್ಜಿಗೆ ಕೇಳಿದ ಸಲಹೆ ಇವತ್ತು ತಂಗಿಗೆ ಹೊಂದದೆ ಹೋಗಬಹುದು.

ಇದನ್ನೆಲ್ಲ ಮಗುವಿಗೆ ಮೊದಲೇ, ರಿಸಲ್ಟ್ ಬರುವ ಎಷ್ಟೋ ತಿಂಗಳ ಮುಂಚೆ ಹೇಳಬೇಕು. ಡಿಸೆಂಬರ್‌ನಲ್ಲಿ ಇಲ್ಲ ಅಂತ ಬಂದ ಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಕೇಳಿಸುತ್ತದೆ. ಜುಲೈನಲ್ಲಿ ಹೇಳಿದರೆ ಮಾಹಿತಿಯಾಗಿ ಕೇಳಿಸುತ್ತದೆ.

ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ

ಸಾಮಾನ್ಯವಾಗಿ ಪಟ್ಟಿ ಮೇಲಿನಿಂದ ಶುರುವಾಗುತ್ತದೆ. ಮೊದಲು ಹಾರ್ವರ್ಡ್, ಆಮೇಲೆ ಪ್ರಿನ್ಸ್‌ಟನ್, ಕೊನೆಗೆ ಇರಲಿ ಅಂತ ಎರಡು ಕಾಲೇಜು. ಆ ಕೊನೆಯ ಎರಡರ ಬಗ್ಗೆ ಯಾರೂ ಓದಿರುವುದಿಲ್ಲ, ಹೋಗಿ ನೋಡಿರುವುದಿಲ್ಲ. ಮಾರ್ಚ್‌ನಲ್ಲಿ ಮಗುವಿನ ಕೈಯಲ್ಲಿ ಉಳಿಯುವುದು ಅವೇ ಎರಡು ಆಗಿರಬಹುದು.

ನನಗೆ ಕೇಳಿದರೆ ಕೆಳಗಿನಿಂದ ಶುರು ಮಾಡಬೇಕು. ಖಂಡಿತ ಸಿಗುವ, ಖಂಡಿತ ಕಟ್ಟಬಹುದಾದ, ಮಗು ಖುಷಿಯಿಂದ ಹೋಗಬಲ್ಲ ಒಂದು ಕಾಲೇಜು ಸಿಗುವ ತನಕ ಮೇಲಿನದರ ಮಾತೇ ಬೇಡ. ಈ ಮೂರೂ ಒಟ್ಟಿಗೆ ಇರಬೇಕು. ಸೀಟು ಸಿಕ್ಕರೂ ಫೀಸು ಕಟ್ಟಲಾಗದಿದ್ದರೆ ಅದನ್ನು ಆಧಾರ ಅಂತ ನಂಬುವ ಹಾಗಿಲ್ಲ. ಅಂಥ ಒಂದು ಕಾಲೇಜು ಸಿಗುವುದು ಕಷ್ಟವೂ ಅಲ್ಲ. ಪ್ಯೂ ರಿಸರ್ಚ್ ಸೆಂಟರ್ 2019ರಲ್ಲಿ ಅಮೆರಿಕದ 1,364 ಕಾಲೇಜುಗಳ 2017ರ ಲೆಕ್ಕ ನೋಡಿತು. ನೂರಕ್ಕೆ ಹತ್ತಕ್ಕಿಂತ ಕಡಿಮೆ ಜನರಿಗೆ ಸೀಟು ಕೊಟ್ಟ ಕಾಲೇಜುಗಳು 17 ಮಾತ್ರ. ಅರ್ಧಕ್ಕೂ ಹೆಚ್ಚು ಕಾಲೇಜುಗಳು ಕೇಳಿದವರಲ್ಲಿ ಮೂರರಲ್ಲಿ ಇಬ್ಬರನ್ನಾದರೂ ಸೇರಿಸಿಕೊಂಡಿದ್ದವು. ನಮ್ಮ ಮಾತುಕತೆಯೆಲ್ಲ ಆ ಬೆರಳೆಣಿಕೆಯ ಶಾಲೆಗಳ ಸುತ್ತಲೇ ಸುತ್ತುತ್ತದೆ ಅನ್ನುವುದು ಬೇಸರದ ಸಂಗತಿ.

ಪಟ್ಟಿಗೆ ಒಂದು ಒಳ್ಳೆಯ ಉಪಕರಣವಿದೆ. ಹೆಚ್ಚಿನ ಕಾಲೇಜುಗಳು ವರ್ಷಕ್ಕೊಮ್ಮೆ ಕಾಮನ್ ಡೇಟಾ ಸೆಟ್ ಅನ್ನುವ ದಾಖಲೆ ಹೊರತರುತ್ತವೆ. ಅದರಲ್ಲಿ ಸಿ7 ಅನ್ನುವ ಭಾಗ ನೋಡಿ. ಗ್ರೇಡ್, ಎಸ್ಸೇ, ಶಿಫಾರಸು ಪತ್ರ, ಲೆಗಸಿ, ಆ ಕಾಲೇಜಿನ ಬಗ್ಗೆ ಆಸಕ್ತಿ ತೋರಿಸಿದ್ದು, ಇದರಲ್ಲಿ ಯಾವುದು ಬಹಳ ಮುಖ್ಯ, ಯಾವುದನ್ನು ನೋಡುವುದೇ ಇಲ್ಲ ಅಂತ ಕಾಲೇಜೇ ಟಿಕ್ ಮಾಡಿರುತ್ತದೆ. ಅವರಿವರ ಮಾತು ಕೇಳಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಒಂದು ಪುಟ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನೂರಕ್ಕೆ ಹತ್ತರೊಳಗೆ ಸೀಟು ಕೊಡುವ ಶಾಲೆ ಯಾವ ಮಗುವಿಗೂ ಖಾತ್ರಿಯಲ್ಲ, ಅಂಕ ಎಷ್ಟೇ ಇರಲಿ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ತುಂಬುವ ಕಾಮನ್ ಆ್ಯಪ್‌ನಲ್ಲಿ 20 ಕಾಲೇಜುಗಳಿಗೆ ಅರ್ಜಿ ಹಾಕಬಹುದು ಅಂತ 20ಕ್ಕೂ ಹಾಕಬೇಕಿಲ್ಲ. ಹಲವಕ್ಕೆ ಬೇರೆ ಬೇರೆ ಎಸ್ಸೇಗಳಿರುತ್ತವೆ. ಹದಿನೈದನೆಯ ಎಸ್ಸೇ ಬರೆಯುವ ಹೊತ್ತಿಗೆ ಮಗುವಿಗೂ ಸುಸ್ತು, ಬರಹಕ್ಕೂ ಸುಸ್ತು.

ದುಡ್ಡಿನ ಮಾತು

ಇದನ್ನು ದೊಡ್ಡವರೇ ಎತ್ತಬೇಕು. ಹದಿನೇಳರ ಮಗು ತಾನಾಗಿ ಕೇಳುವುದಿಲ್ಲ. ಕೇಳಿದರೂ "ಅದೆಲ್ಲ ನಾವು ನೋಡ್ಕೋತೀವಿ, ನೀನು ಓದು ಪುಟ್ಟಾ" ಅನ್ನುವ ಉತ್ತರ ಸಿಗುತ್ತದೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಏಪ್ರಿಲ್‌ನಲ್ಲಿ ಸೀಟು ಸಿಕ್ಕ ಮೇಲೆ ಆಗುವುದಿಲ್ಲ ಅನ್ನಬೇಕಾಗಿ ಬಂದರೆ, ಆ ಪೆಟ್ಟು ಸೀಟೇ ಸಿಗದಿದ್ದಕ್ಕಿಂತ ದೊಡ್ಡದು.

ಹಲವು ಖಾಸಗಿ ಕಾಲೇಜುಗಳಲ್ಲಿ ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿದೆ. ಆದರೆ ಎಲ್ಲರೂ ಅಷ್ಟು ಕಟ್ಟುವುದಿಲ್ಲ. 2025ರಿಂದ ಹಾರ್ವರ್ಡ್‌ನಲ್ಲಿ ವರ್ಷಕ್ಕೆ 2,00,000 ಡಾಲರ್ ತನಕ ಆದಾಯವಿರುವ, ಸಾಮಾನ್ಯ ಮಟ್ಟದ ಆಸ್ತಿಯಿರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. 1,00,000ದ ಒಳಗಿದ್ದರೆ ಹಾಸ್ಟೆಲ್, ಊಟವೂ ಸೇರಿ ಮಾಫಿ. ಎಂಐಟಿಯಲ್ಲೂ ಹೀಗೇ ಇದೆ. ಆದ್ದರಿಂದ ಬೆಲೆ ನೋಡಿ ಹೆದರಿ ಹಿಂದೆ ಸರಿಯುವುದೂ ತಪ್ಪು, ನೋಡದೇ ಮುನ್ನುಗ್ಗುವುದೂ ತಪ್ಪು. 2011ರಿಂದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇಡಬೇಕು ಅಂತ ಕಾನೂನೇ ಇದೆ. ಆದಾಯ, ಉಳಿತಾಯ ಹಾಕಿದರೆ ನಿಮ್ಮ ಮನೆಗೆ ಎಷ್ಟು ಬೀಳಬಹುದು ಅಂತ ಅಂದಾಜು ಕೊಡುತ್ತದೆ. ಪಟ್ಟಿಗೆ ಒಂದು ಹೆಸರು ಸೇರಿಸುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತುಂಬಿ. ಬಂದ ಮೊತ್ತವನ್ನು ಇಬ್ಬರೂ ನೋಡಿ. ಇಷ್ಟು ನಾವು ಕೊಡಬಲ್ಲೆವು, ಇದರ ಮೇಲೆ ಸಾಲ, ಸಾಲ ಇಷ್ಟರ ಮೇಲೆ ಬೇಡ ಅಂತ ಅಲ್ಲೇ ಹೇಳಿಬಿಡಿ.

ಅಮೆರಿಕದ ಪ್ರಜೆಗಳಲ್ಲದ ಮಕ್ಕಳಿಗೆ ಲೆಕ್ಕ ಬೇರೆ. ಬಹಳಷ್ಟು ಕಾಲೇಜುಗಳು ಅವರ ಅರ್ಜಿ ನೋಡುವಾಗ ದುಡ್ಡಿನ ನೆರವು ಕೇಳಿದ್ದಾರಾ ಅಂತಲೂ ನೋಡುತ್ತವೆ. ಕೇಳಿದರೆ ಸೀಟು ಇನ್ನೂ ಕಷ್ಟ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಹೀಗೆ ಕೆಲವೇ ಶಾಲೆಗಳು ಹೊರದೇಶದ ಮಕ್ಕಳಿಗೂ ದುಡ್ಡಿನ ವಿಷಯ ಬದಿಗಿಟ್ಟು ಸೀಟು ಕೊಡುತ್ತವೆ.

ಅರ್ಲಿ ಡಿಸಿಷನ್ ಬಗ್ಗೆ ಇಲ್ಲೇ ಹೇಳಬೇಕು, ಯಾಕೆಂದರೆ ಅದೂ ಮೂಲದಲ್ಲಿ ದುಡ್ಡಿನ ಮಾತೇ. ನವೆಂಬರ್ 1ರ ಹೊತ್ತಿಗೆ ಒಂದೇ ಕಾಲೇಜಿಗೆ, ಸಿಕ್ಕರೆ ಸೇರಿಯೇ ಸೇರುತ್ತೇನೆ ಅಂತ ಮಾತು ಕೊಟ್ಟು ಹಾಕುವ ಅರ್ಜಿ ಇದು. ವಿದ್ಯಾರ್ಥಿ, ಪಾಲಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಡಿಸೆಂಬರ್ ನಡುವೆ ಉತ್ತರ ಬರುತ್ತದೆ. ಇದರಲ್ಲಿ ಸೀಟು ಸಿಗುವ ಪ್ರಮಾಣ ಜಾಸ್ತಿ ಕಾಣುತ್ತದೆ ನಿಜ. ಆದರೆ ಕೋಚ್ ಮೊದಲೇ ಆರಿಸಿದ ಕ್ರೀಡಾಪಟುಗಳು, ಲೆಗಸಿ ಮಕ್ಕಳು ಈ ಗುಂಪಿನಲ್ಲೇ ಸೇರಿರುತ್ತಾರೆ, ಹಾಗಾಗಿ ಅಂಕಿ ಸ್ವಲ್ಪ ಉಬ್ಬಿರುತ್ತದೆ. ಬೇರೆ ಕಾಲೇಜುಗಳು ಎಷ್ಟು ನೆರವು ಕೊಡುತ್ತವೆ ಅಂತ ಹೋಲಿಸಿ ನೋಡುವ ಅವಕಾಶ ಇದರಲ್ಲಿ ಹೋಗುತ್ತದೆ. ಕೊಟ್ಟ ನೆರವು ಸಾಲದು ಅಂತಾದರೆ ಬಿಟ್ಟುಕೊಡಲು ದಾರಿಯಿದೆ. ಆದರೂ ಹೋಲಿಸಿ ಆರಿಸಬೇಕಾದ ಮನೆಯವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳ ಅರ್ಲಿ ಆ್ಯಕ್ಷನ್‌ನಲ್ಲಿ ಸೇರಲೇಬೇಕು ಅನ್ನುವ ಕಟ್ಟು ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಖಾಸಗಿ ಶಾಲೆಗೆ ಅರ್ಲಿ ಅರ್ಜಿ ಹಾಕುವ ಹಾಗಿಲ್ಲ.

ಎಸ್ಸೇಯಲ್ಲಿ ಅಪ್ಪನ ಕೈ

ಕಾಮನ್ ಆ್ಯಪ್‌ನ ಮುಖ್ಯ ಎಸ್ಸೇ 650 ಪದ. ಇಡೀ ಅರ್ಜಿಯಲ್ಲಿ ಮಗು ತನ್ನ ದನಿಯಲ್ಲಿ ಮಾತಾಡುವ ದೊಡ್ಡ ಜಾಗ ಅದೊಂದೇ. ಒಬ್ಬ ಹುಡುಗಿ ಹೀಗೆ ಬರೆದಿದ್ದಾಳೆ ಅಂದುಕೊಳ್ಳಿ: "ತಾತನಿಗೆ ಕಿವಿ ಮಂದವಾದ ಮೇಲೆ ನಾನು ಜೋರಾಗಿ ಮಾತಾಡುವುದನ್ನು ಕಲಿತೆ. ಈಗ ಕ್ಲಾಸಿನಲ್ಲಿ ಎಲ್ಲರೂ ನನಗೆ ಮೆಲ್ಲಗೆ ಮಾತಾಡು ಅನ್ನುತ್ತಾರೆ." ಅಪ್ಪ ಓದುತ್ತಾರೆ. ಇದೇನು ಇಷ್ಟು ಸಾದಾ ಆಯಿತಲ್ಲ ಅನ್ನಿಸುತ್ತದೆ. ತಿದ್ದುತ್ತಾರೆ: "ಹಿರಿಯರ ಆರೈಕೆಯ ಅನುಭವವು ನನ್ನಲ್ಲಿ ಸಹಾನುಭೂತಿ ಹಾಗೂ ನಾಯಕತ್ವದ ಗುಣಗಳನ್ನು ಬೆಳೆಸಿತು."

ಮೊದಲ ಎರಡು ವಾಕ್ಯದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ದನಿ ಕೇಳುತ್ತದೆ, ತಾತ ಕಾಣುತ್ತಾರೆ, ಕ್ಲಾಸಿನಲ್ಲಿ ಅವಳಿಗಾದ ಮುಜುಗರವೂ ತಿಳಿಯುತ್ತದೆ. ಅಪ್ಪನ ವಾಕ್ಯದಲ್ಲಿ ಯಾರೂ ಇಲ್ಲ, ಅದನ್ನು ಯಾರು ಬೇಕಾದರೂ ಬರೆಯಬಹುದು. ದಿನಕ್ಕೆ ಹತ್ತಾರು ಅರ್ಜಿ ಓದುವವರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಮನೆಯೊಳಗೆ ಆಗುತ್ತದೆ. ನಾನು ಬರೆದದ್ದು ಸಾಲಲಿಲ್ಲ, ನಾನೇ ಸಾಲಲಿಲ್ಲ ಅಂತ ಆ ಹುಡುಗಿ ಅಂದುಕೊಳ್ಳುತ್ತಾಳೆ.

ಹಾಗಂತ ಓದಲೇಬಾರದು ಅಂತಲ್ಲ. ಮಗು ಕೊಟ್ಟರೆ ಓದಿ. ಪೆನ್ನು ಹಿಡಿಯದೆ ಓದಿ. "ಮೆಲ್ಲಗೆ ಮಾತಾಡು ಅಂದಾಗ ನಿನಗೆ ಏನನ್ನಿಸ್ತು?" ಅಂತ ಕೇಳಿ. ಆ ಪ್ರಶ್ನೆಗೆ ಬರುವ ಉತ್ತರವೇ ಮುಂದಿನ ಪ್ಯಾರಾ ಆಗಬಹುದು. ಸ್ಪೆಲ್ಲಿಂಗ್ ತಪ್ಪಿದ್ದರೆ ತೋರಿಸಿ, ಅಲ್ಲಿಗೆ ನಿಲ್ಲಿಸಿ. ಕೊಡದಿದ್ದರೆ ಸುಮ್ನೆ ಬಿಡಿ, ಇಂಗ್ಲಿಷ್ ಟೀಚರ್‌ಗೆ ತೋರಿಸಿರಬಹುದು.

ಚಟುವಟಿಕೆಗಳ ಪಟ್ಟಿಗೆ 10 ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ಇಲ್ಲಿ ಮನೆಯವರು ನಿಜವಾಗಿ ಉಪಯೋಗಕ್ಕೆ ಬರುತ್ತಾರೆ, ಯಾಕೆಂದರೆ ಮಗು ಮರೆತದ್ದು ಅವರಿಗೆ ನೆನಪಿರುತ್ತದೆ. ದಿನಾ ಸಂಜೆ ತಮ್ಮನನ್ನು ನೋಡಿಕೊಂಡಿದ್ದು, ವಾರಾಂತ್ಯದಲ್ಲಿ ಅಂಗಡಿಯಲ್ಲಿ ಕೆಲಸ ಮಾಡಿದ್ದು, ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರ್ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದ್ದು, ಇವನ್ನು ಹೇಳುವುದಕ್ಕೇ ಹಲವರಿಗೆ ಸಂಕೋಚ. ಮನೆಯ ಜವಾಬ್ದಾರಿ, ಸಂಬಳದ ಕೆಲಸ ಎರಡಕ್ಕೂ ಕಾಮನ್ ಆ್ಯಪ್‌ನಲ್ಲಿ ಬೇರೆಯೇ ವಿಭಾಗಗಳಿವೆ. ಅರ್ಜಿಗಾಗಿಯೇ ಹುಟ್ಟಿಸಿದ ಸಂಸ್ಥೆ, ಅರ್ಜಿಗಾಗಿಯೇ ಹೋದ ವಿದೇಶ ಸೇವಾ ಶಿಬಿರಗಳಿಗಿಂತ ಇವು ಎಷ್ಟೋ ಗಟ್ಟಿ ಅಂತ ನಾನು ನಂಬುತ್ತೇನೆ.

ಮನೆಯವರ ಕೈ ಎಷ್ಟು ದೂರ ಚಾಚಬಹುದು ಅನ್ನುವುದಕ್ಕೆ 2019ರ ಮಾರ್ಚ್‌ನಲ್ಲಿ ಬಯಲಾದ ವಾರ್ಸಿಟಿ ಬ್ಲೂಸ್ ಹಗರಣ ಸಾಕ್ಷಿ. ಆಟವನ್ನೇ ಆಡದ ಮಕ್ಕಳನ್ನು ಆಟಗಾರರು ಅಂತ ತೋರಿಸಿ, ಪರೀಕ್ಷೆಯ ಅಂಕ ತಿದ್ದಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು ಪಾಲಕರು ಸೀಟು ಕೊಂಡರು. ಅದನ್ನು ನಡೆಸಿದ ರಿಕ್ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಎಷ್ಟೋ ಪಾಲಕರೂ ಜೈಲು ಕಂಡರು. ಕಾನೂನು ಮುರಿಯುವವರು ಬೆರಳೆಣಿಕೆ. ಆದರೆ ಮಗುವಿನ ಬದಲು ತಾವೇ ಅರ್ಜಿ ಹಾಕುವ ಚಟ ಅದಕ್ಕಿಂತ ಬಹಳ ದೊಡ್ಡ ಗುಂಪಿಗೆ ಹತ್ತಿದೆ.

ಒತ್ತಡವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ರಾಬರ್ಟ್ ವುಡ್ ಜಾನ್ಸನ್ ಫೌಂಡೇಷನ್ 2018ರ ವರದಿಯಲ್ಲಿ ಹದಿಹರೆಯದವರ ಆರೋಗ್ಯ ಕೆಡಿಸುವ ಪರಿಸ್ಥಿತಿಗಳನ್ನು ಪಟ್ಟಿ ಮಾಡಿತು. ಬಡತನ, ಆಘಾತ, ತಾರತಮ್ಯದ ಜೊತೆಯಲ್ಲೇ ಸಾಧಿಸಲೇಬೇಕು ಅನ್ನುವ ಅತಿಯಾದ ಒತ್ತಡವನ್ನೂ ಸೇರಿಸಿತು. ಒಳ್ಳೆಯ ಶಾಲೆ, ಒಳ್ಳೆಯ ಮನೆ, ಎಲ್ಲ ಇರುವ ಮಗುವಿಗೇನು ಕಷ್ಟ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ನಿದ್ದೆ ಹೋಗಿರುತ್ತದೆ, ಗೆಳೆಯರ ಜೊತೆ ಮಾತು ನಿಂತಿರುತ್ತದೆ, ಊಟ ತಟ್ಟೆಯಲ್ಲೇ ಉಳಿಯುತ್ತದೆ. ಇವು ಕಂಡರೆ ಡೆಡ್‌ಲೈನ್ ಪಕ್ಕಕ್ಕಿಟ್ಟು ಮಗುವಿನ ಕಡೆ ನೋಡಬೇಕು, ಬೇಕಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಒಂದು ಅರ್ಜಿ ತಪ್ಪಿದರೆ ಮುಂದಿನ ವರ್ಷ ಹಾಕಬಹುದು.

ಒಂದು ಸುಲಭದ ಉಪಾಯ ಹಲವು ಮನೆಗಳಲ್ಲಿ ಕೆಲಸ ಮಾಡುತ್ತದೆ. ಕಾಲೇಜಿನ ಮಾತಿಗೆ ವಾರದಲ್ಲಿ ಒಂದು ದಿನ, ಒಂದು ಗಂಟೆ. ಆವತ್ತು ಡೆಡ್‌ಲೈನ್, ಫಾರ್ಮ್, ಫೀಸು ಎಲ್ಲ ಕೇಳಿ. ಉಳಿದ ಆರು ದಿನ ಬಾಯಿ ಬಿಡಬೇಡಿ. ಬಂದ ನೆಂಟರಿಗೂ ಇದನ್ನೇ ಹೇಳಿ. "ಎಲ್ಲೆಲ್ಲಿ ಹಾಕಿದ್ದೀಯಮ್ಮಾ?" ಅನ್ನುವ ಪ್ರಶ್ನೆಗೆ ಉತ್ತರಿಸುವ ಹೊಣೆಯನ್ನು ಮಗುವಿನ ಮೇಲಿಂದ ನೀವು ಇಳಿಸಬಹುದು.

ಹೆಸರಿಗೆ ಬೆಲೆಯೇ ಇಲ್ಲವಾ? ಇದೆ. ಸುಳ್ಳು ಸಮಾಧಾನ ಹೇಳಬಾರದು. ಚೆಟ್ಟಿ ತಂಡದ ಅದೇ ಅಧ್ಯಯನದ ಪ್ರಕಾರ, ಹೆಸರಾಂತ ಸರ್ಕಾರಿ ವಿಶ್ವವಿದ್ಯಾಲಯದ ಬದಲು ಐವಿ ಮಟ್ಟದ ಶಾಲೆಗೆ ಹೋದರೆ ಮುಂದೆ ಆದಾಯದಲ್ಲಿ ಮೇಲಿನ 1 ಪ್ರತಿಶತಕ್ಕೆ ಏರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಆದರೆ ಸರಾಸರಿ ಆದಾಯದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲೇ ಇದರ ಹತ್ತಿರದ ಮಾತು ಹೇಳಿದ್ದರು. ಒಂದೇ ಮಟ್ಟದ ಶಾಲೆಗಳಿಗೆ ಅರ್ಜಿ ಹಾಕಿ, ಒಂದೇ ರೀತಿಯ ಉತ್ತರ ಪಡೆದ ಮಕ್ಕಳಲ್ಲಿ, ಕಡಿಮೆ ಹೆಸರಿನ ಕಾಲೇಜಿಗೆ ಹೋದವರೂ ಹೆಚ್ಚುಕಡಿಮೆ ಅಷ್ಟೇ ಸಂಪಾದಿಸಿದರು. ಬಡ ಮನೆಯಿಂದ ಬಂದ ಮಕ್ಕಳಿಗೆ ಮಾತ್ರ ದೊಡ್ಡ ಶಾಲೆಯಿಂದ ಲಾಭ ಕಂಡಿತು. ಕೆಲವು ಬಾಗಿಲುಗಳಿಗೆ ಆ ಹೆಸರು ಕೀಲಿಯಾಗುತ್ತದೆ. ಹೆಚ್ಚಿನ ಬದುಕುಗಳು ಆ ಬಾಗಿಲುಗಳ ಮೂಲಕ ಹೋಗುವುದೇ ಇಲ್ಲ.

ಮಾರ್ಚ್ ಕೊನೆ

ಐವಿ ಲೀಗ್ ಶಾಲೆಗಳೆಲ್ಲ ಮಾರ್ಚ್ ಕೊನೆಯಲ್ಲಿ ಒಂದೇ ದಿನ ಫಲಿತಾಂಶ ಬಿಡುತ್ತವೆ. ಆವತ್ತು ಮಗು ಒಬ್ಬಳೇ ನೋಡಬೇಕಾ, ಎಲ್ಲರ ಜೊತೆಗಾ ಅಂತ ಅವಳನ್ನೇ ಕೇಳಿ. ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ. ಸಿಗದಿದ್ದರೆ ತಕ್ಷಣ "ಅವರಿಗೇ ನಷ್ಟ" ಅನ್ನಬೇಕಿಲ್ಲ, ಅವಳಿಗೆ ಆಗಿರುವುದು ನಿಜವಾದ ದುಃಖ. ಅತ್ತು ಮುಗಿಸುವ ತನಕ ಜೊತೆಗಿದ್ದರೆ ಸಾಕು. ನಿಮ್ಮ ಬೇಸರವನ್ನು ಅವಳ ಮುಂದೆ ಹರಡಬೇಡಿ, ನಿಮ್ಮನ್ನೂ ಸಮಾಧಾನ ಮಾಡುವ ಕೆಲಸ ಅವಳ ಮೇಲೆ ಬೀಳುತ್ತದೆ.

ಆಮೇಲೆ ಯಾವ ಕಾಲೇಜು ಸೇರುವುದು ಅಂತ ತಿಳಿಸಲು ಮೇ 1ರ ತನಕ ಒಂದು ತಿಂಗಳಿದೆ. ಸಿಕ್ಕಿರುವ ಕಾಲೇಜುಗಳ ನೆರವಿನ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಉಚಿತ, ಎಷ್ಟು ಸಾಲ, ಎಷ್ಟು ಕ್ಯಾಂಪಸ್ ಕೆಲಸದ ದುಡ್ಡು ಅಂತ ಬೇರೆ ಮಾಡಿ ಬರೆಯಿರಿ. ಕೆಲವು ಪತ್ರಗಳಲ್ಲಿ ಸಾಲವನ್ನೂ ನೆರವು ಅಂತಲೇ ಕೂಡಿರುತ್ತಾರೆ. ಕೆಲಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ ಅಂತಾದರೆ ಕಾಗದಗಳ ಜೊತೆ ಮರುಪರಿಶೀಲನೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಅದಕ್ಕೆ ಪದ್ಧತಿಯೇ ಇದೆ. ವೇಯ್ಟ್‌ಲಿಸ್ಟ್‌ನಲ್ಲಿ ಹೆಸರು ಬಂದಿದ್ದರೆ ಮಗು ತಾನೇ ಒಂದು ಪುಟ್ಟ ಪತ್ರ ಬರೆಯಲಿ, ಅಷ್ಟರಲ್ಲಿ ಸಿಕ್ಕಿರುವ ಕಾಲೇಜಿಗೆ ಮೇ 1ರೊಳಗೆ ಡಿಪಾಸಿಟ್ ಕಟ್ಟಿಬಿಡಿ. ವೇಯ್ಟ್‌ಲಿಸ್ಟ್‌ನಿಂದ ಜೂನ್‌ನಲ್ಲಿ ಕರೆ ಬಂದರೂ ಬರಬಹುದು. ಆಗ ಉತ್ತರ ಕೊಡಲು ಕೆಲವೇ ದಿನ ಸಿಗುತ್ತದೆ. ನೆರವು ಎಷ್ಟು ಅಂತ ಬರಹದಲ್ಲಿ ಕೈಗೆ ಬರುವ ತನಕ ಹೂಂ ಅನ್ನಬೇಡಿ. ಮೊದಲು ಕಟ್ಟಿದ ಡಿಪಾಸಿಟ್ ವಾಪಸ್ ಬರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.